ಸ್ಲೈಡಿಂಗ್ ಕಿಟಕಿ ಟ್ರ್ಯಾಕ್‌ನಲ್ಲಿ ಧೂಳು ಕಟ್ಟಿದರೆ ಮಳೆ ನೀರು ಮನೆಯೊಳಗೆ: ನಾಗಸಂದ್ರದ ಮನೆ, ಅಂಗಡಿಗಳಿಗೆ ಪೂರ್ತಿ ಮಾಹಿತಿ

ನಾಗಸಂದ್ರ: ಏಪ್ರಿಲ್ ಕೊನೆ ಅಥವಾ ಮೇ ತಿಂಗಳ ಒಂದು ಸಂಜೆ. ಮೊದಲು ಧೂಳೆಬ್ಬಿಸುವ ಗಾಳಿ, ಅದರ ಹಿಂದೆಯೇ ಜೋರು ಮಳೆ. ಕಿಟಕಿ ಮುಚ್ಚಿದೆ, ಲಾಕ್ ಕೂಡ ಹಾಕಿದೆ. ಆದರೂ ಹತ್ತು ನಿಮಿಷದಲ್ಲಿ ಕಿಟಕಿ ಕೆಳಗಿನ ಗೋಡೆ ಒದ್ದೆ, ಮಂಚದ ಹಾಸಿಗೆ ಒದ್ದೆ, ಪಕ್ಕದ ಸ್ವಿಚ್ ಬೋರ್ಡ್ ಮುಟ್ಟೋಕೆ ಭಯ. ಮಾರನೇ ದಿನ ಮನೆಯವರು ಫ್ಯಾಬ್ರಿಕೇಷನ್ ಅಂಗಡಿಗೆ ಫೋನ್ ಮಾಡಿ ‘ಎಲ್ಲಾ ಕಡೆ ಸಿಲಿಕಾನ್ ಹೊಡೆದುಬಿಡಿ’ ಅಂತಾರೆ. ಮುಂದಿನ ಮಳೆಗೆ ನೀರು ಇನ್ನೂ ಜಾಸ್ತಿ ಬರುತ್ತೆ.

ಇಂಥ ಎಷ್ಟೋ ಮನೆಗಳಲ್ಲಿ ತಪ್ಪು ಗಾಜಿನದ್ದೂ ಅಲ್ಲ, ಗೋಡೆಯದ್ದೂ ಅಲ್ಲ. ಕಿಟಕಿ ಓಡಾಡುವ ಕೆಳಗಿನ ಟ್ರ್ಯಾಕ್‌ನಲ್ಲಿ ಧೂಳು ತುಂಬಿ, ನೀರು ಹೊರಹೋಗುವ ಸಣ್ಣ ತೂತುಗಳು ಮುಚ್ಚಿಹೋಗಿರುತ್ತವೆ ಅಷ್ಟೆ. ಅರ್ಧ ಗಂಟೆ ಸಮಯ, ಒಂದು ಮಗ್ ನೀರು, ಹಳೇ ಹಲ್ಲುಜ್ಜುವ ಬ್ರಷ್ ಇದ್ದರೆ ಮನೆಯಲ್ಲೇ ಸರಿಮಾಡಬಹುದು. ಹೇಗೆ, ಯಾವಾಗ, ಏನು ಮಾಡಬಾರದು ಎಂಬ ವಿವರ ಇಲ್ಲಿದೆ.

ನಾಗಸಂದ್ರದಲ್ಲಿ ಟ್ರ್ಯಾಕ್ ಬೇಗ ತುಂಬೋದು ಯಾಕೆ?

ನಾಗಸಂದ್ರ ಇರೋದೇ ತುಮಕೂರು ರಸ್ತೆ ಮೇಲೆ. ಹುಬ್ಬಳ್ಳಿ, ಪುಣೆ, ಮುಂಬೈ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಲಾರಿಗಳು ಹಗಲು ರಾತ್ರಿ ಇಲ್ಲಿಂದಲೇ ಹಾದುಹೋಗುತ್ತವೆ. ಒಂದು ಕಡೆ ಪೀಣ್ಯ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ಬಾಗಲಗುಂಟೆ, ಹೆಸರಘಟ್ಟ ರಸ್ತೆ. 2015ರ ಮೇ 1ರಂದು ಮೆಟ್ರೊ ನಾಗಸಂದ್ರಕ್ಕೆ ಬಂತು, 2024ರ ನವೆಂಬರ್ 7ರಿಂದ ಮಾದಾವರದವರೆಗೂ ಓಡುತ್ತಿದೆ. ಈ ವರ್ಷಗಳಲ್ಲಿ ಸುತ್ತಮುತ್ತ ಕಟ್ಟಡಗಳು ಏಳುತ್ತಲೇ ಇವೆ. ಹಾಗಾಗಿ ಇಲ್ಲಿನ ಕಿಟಕಿಗೆ ಬರುವ ಧೂಳು ಬರೀ ಮಣ್ಣಲ್ಲ. ಅದರಲ್ಲಿ ರಸ್ತೆಯ ಪುಡಿ, ಟೈರಿನ ಕಪ್ಪು, ಸಿಮೆಂಟ್, ಎಂ-ಸ್ಯಾಂಡ್ ಎಲ್ಲಾ ಇರುತ್ತೆ. ವರ್ಕ್‌ಶಾಪ್ ಹತ್ತಿರದ ಮನೆಗಳಲ್ಲಿ ಗ್ರೈಂಡಿಂಗ್ ಮಾಡುವಾಗ ಹಾರುವ ಕಬ್ಬಿಣದ ಪುಡಿಯೂ ಸೇರಿಕೊಳ್ಳುತ್ತೆ.

ಹಳೇ ಕಾಲದ ಮರದ ಕಿಟಕಿಯಲ್ಲಿ ಈ ತೊಂದರೆ ಇರಲಿಲ್ಲ. ಸರಳು, ಚಿಲಕ, ಹೊರಗೆ ತೆರೆಯುವ ಕದ. ಧೂಳು ಕೂತರೂ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಮುಗೀತು. ಅಲ್ಯೂಮಿನಿಯಂ, ಯುಪಿವಿಸಿ ಸ್ಲೈಡಿಂಗ್ ಕಿಟಕಿ ಜಾಗ ಉಳಿಸುತ್ತೆ, ಸೊಳ್ಳೆ ಜಾಲರಿ ಹಾಕೋಕೂ ಸುಲಭ. ಆದರೆ ಕೆಳಗಿನ ಟ್ರ್ಯಾಕ್ ಒಂದು ಉದ್ದನೆ ತೊಟ್ಟಿ ಇದ್ದ ಹಾಗೆ. ಬಿದ್ದ ಧೂಳು ಅಲ್ಲೇ ಉಳಿಯುತ್ತೆ, ಮೊದಲ ಮಳೆಗೆ ಕೆಸರಾಗುತ್ತೆ, ಬಿಸಿಲಿಗೆ ಒಣಗಿ ಗಾರೆಯ ಹಾಗೆ ಗಟ್ಟಿಯಾಗುತ್ತೆ.

ಟ್ರ್ಯಾಕ್‌ನಲ್ಲಿ ಏನೇನು ಇರುತ್ತೆ?

- ರೈಲು: ಗಾಜಿನ ಬಾಗಿಲು ಓಡುವ ಉಬ್ಬು ಗೆರೆ. ಎರಡು ಗಾಜಿನ ಬಾಗಿಲಿದ್ದರೆ ಎರಡು ಟ್ರ್ಯಾಕ್, ಜಾಲರಿಯೂ ಸೇರಿದರೆ ಮೂರು. ಈ ಗಾಜಿನ ಬಾಗಿಲನ್ನೇ ಮೇಸ್ತ್ರಿಗಳು ಶಟರ್ ಅನ್ನುತ್ತಾರೆ.
- ಬೇರಿಂಗ್ ಅಥವಾ ರೋಲರ್: ಶಟರ್‌ನ ಕೆಳ ಅಂಚಿನೊಳಗೆ ಕೂತಿರುವ ಸಣ್ಣ ಚಕ್ರಗಳು. ಸಾಮಾನ್ಯವಾಗಿ ಒಂದು ಶಟರ್‌ಗೆ ಎರಡು.
- ಬ್ರಷ್ ಪಟ್ಟಿ: ಶಟರ್ ಅಂಚಿನುದ್ದಕ್ಕೂ ಇರುವ ಉಣ್ಣೆಯಂಥ ಎಳೆ. ಧೂಳು, ಗಾಳಿ ತಡೆಯೋದು ಇದೇ.
- ರಬ್ಬರ್ ಬೀಡಿಂಗ್: ಗಾಜನ್ನು ಫ್ರೇಮಿನಲ್ಲಿ ಬಿಗಿಯಾಗಿ ಹಿಡಿಯುವ ಕಪ್ಪು ರಬ್ಬರ್.
- ನೀರಿನ ತೂತು: ಟ್ರ್ಯಾಕ್‌ನ ಹೊರಮೈಯಲ್ಲಿ, ಸಾಮಾನ್ಯವಾಗಿ ಎರಡೂ ತುದಿಗಳ ಹತ್ತಿರ ಇರುವ ಸಣ್ಣ ತೂತು ಅಥವಾ ಉದ್ದ ಸೀಳು. ಯುಪಿವಿಸಿಯಲ್ಲಿ ಇದರ ಮೇಲೆ ಪ್ಲಾಸ್ಟಿಕ್ ಮುಚ್ಚಳವೂ ಇರಬಹುದು.

ಈ ತೂತೇ ಎಲ್ಲಕ್ಕಿಂತ ಮುಖ್ಯ. ಅದು ಕಿಟಕಿ ಮಾಡುವಾಗ ಆದ ತಪ್ಪಲ್ಲ, ಬೇಕೆಂದೇ ಬಿಟ್ಟಿರುವ ದಾರಿ.

ಲೆಕ್ಕ ಹಾಕಿದರೆ ಗೊತ್ತಾಗುತ್ತೆ

ಸ್ಲೈಡಿಂಗ್ ಕಿಟಕಿ ಡಬ್ಬಿಯ ಮುಚ್ಚಳದ ಹಾಗೆ ಬಿಗಿಯಾಗಿ ಮುಚ್ಚೋದಿಲ್ಲ. ಓಡಾಡಬೇಕಾದರೆ ಸ್ವಲ್ಪ ಸಂದು ಇರಲೇಬೇಕು. ಆದ್ದರಿಂದ ಮಳೆ ನೀರು ಟ್ರ್ಯಾಕ್‌ಗೆ ಬರೋದು ಸಹಜ. ಬಂದ ನೀರು ಹೊರಗೆ ಹೋಗಬೇಕು, ಅಷ್ಟೆ.

ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರದ ಕಿಟಕಿ ಅಂದುಕೊಳ್ಳಿ. ಅದರ ವಿಸ್ತೀರ್ಣ ಸುಮಾರು ಒಂದೂವರೆ ಚದರ ಮೀಟರ್. ಗಾಳಿ ಹೊಡೆತಕ್ಕೆ ಗಾಜಿನ ಮೇಲೆ 10 ಮಿ.ಮೀ. ಮಳೆ ಬಿದ್ದರೂ ಸುಮಾರು 15 ಲೀಟರ್ ನೀರು ಕೆಳಗೆ ಇಳಿಯುತ್ತೆ. ಅದರಲ್ಲಿ ಒಂದು ಪಾಲು ನೇರ ಹೊರಗೆ ಬಿದ್ದರೆ ಇನ್ನೊಂದು ಪಾಲು ಟ್ರ್ಯಾಕ್‌ಗೆ ಸೇರುತ್ತೆ. ಅದೇ ಕಿಟಕಿಯ ಟ್ರ್ಯಾಕ್ 6 ಸೆಂ.ಮೀ. ಅಗಲ, 2 ಸೆಂ.ಮೀ. ಆಳ ಇದ್ದರೆ ಹಿಡಿಯೋದು ಹೆಚ್ಚೆಂದರೆ ಒಂದೂವರೆ ಲೀಟರ್. ಅರ್ಧ ಭಾಗ ಕೆಸರು ತುಂಬಿದ್ದರೆ ಮುಕ್ಕಾಲು ಲೀಟರ್. ತೂತು ಮುಚ್ಚಿದ್ದರೆ ಉಳಿದ ನೀರಿಗೆ ಒಳಗಿನ ಗೋಡೆ ಬಿಟ್ಟು ಬೇರೆ ದಾರಿಯೇ ಇಲ್ಲ.

ಗಾಳಿಯ ಪಾತ್ರವೂ ದೊಡ್ಡದು. ಗಂಟೆಗೆ 40 ಕಿ.ಮೀ. ವೇಗದ ಗಾಳಿ ನೇರ ಬಡಿದರೆ ಅದರ ಒತ್ತಡ ಟ್ರ್ಯಾಕ್ ನೀರನ್ನು ಒಳಗಡೆ 7ರಿಂದ 8 ಮಿ.ಮೀ. ಎತ್ತರಕ್ಕೆ ತಳ್ಳಬಲ್ಲದು. ಗಂಟೆಗೆ 70 ಕಿ.ಮೀ. ದಾಟಿದರೆ 2 ಸೆಂ.ಮೀ.ಗಿಂತ ಹೆಚ್ಚು. ಮುಂಗಾರು ಪೂರ್ವದ ಬಿರುಗಾಳಿ ಮಳೆಗೆ ನೀರು ಒಳಬಂದು, ಜುಲೈ ತಿಂಗಳ ಜಿಟಿಜಿಟಿ ಮಳೆಗೆ ಬಾರದೇ ಇರೋದಕ್ಕೆ ಕಾರಣ ಇದೇ.

ಬೇಕಾಗುವ ಸಾಮಾನು

ದುಬಾರಿ ಕಿಟ್ ಏನೂ ಬೇಡ.

- ಹಳೇ ಹಲ್ಲುಜ್ಜುವ ಬ್ರಷ್, ಒಂದು ಇಂಚಿನ ಪೇಂಟ್ ಬ್ರಷ್
- ತೆಂಗಿನ ಪೊರಕೆ ಕಡ್ಡಿ, ಐಸ್‌ಕ್ರೀಂ ಕಡ್ಡಿ
- ಹಳೇ ಬನಿಯನ್ ಬಟ್ಟೆ ಎರಡು ತುಂಡು
- ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕೈದು ಹನಿ, ಒಂದು ಮಗ್ ನೀರು
- ಮೆಡಿಕಲ್ ಅಂಗಡಿಯಲ್ಲಿ ಸಿಗುವ, ಸೂಜಿ ಇಲ್ಲದ ಸಿರಿಂಜ್
- ಫ್ರಿಜ್‌ಗೆ ಅಂಟಿಸುವಂಥ ಅಯಸ್ಕಾಂತ, ಒಂದು ಪ್ಲಾಸ್ಟಿಕ್ ಕವರ್
- ಸಿಲಿಕಾನ್ ಸ್ಪ್ರೇ
- ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್

ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಒಳ್ಳೇದು, ಇಲ್ಲದಿದ್ದರೂ ಕೆಲಸ ನಿಲ್ಲೋದಿಲ್ಲ.

ಹಂತ ಹಂತವಾಗಿ ಮಾಡೋದು ಹೇಗೆ?

1. ಮೊದಲು ಒಣ ಕೆಲಸ. ಹೆಚ್ಚಿನವರು ತಪ್ಪೋದು ಇಲ್ಲೇ. ನೇರ ನೀರು ಸುರಿದರೆ ಧೂಳು ಕೆಸರಾಗಿ ತೂತಿನೊಳಗೆ, ಚಕ್ರದೊಳಗೆ ಹೋಗಿ ಕೂರುತ್ತೆ. ಶಟರ್‌ಗಳನ್ನು ಒಂದು ಬದಿಗೆ ಸರಿಸಿ, ಖಾಲಿ ಬದಿಯ ಧೂಳನ್ನು ಪೇಂಟ್ ಬ್ರಷ್‌ನಿಂದ ಮಧ್ಯಕ್ಕೆ ತಂದು ಎತ್ತಿ. ಆಮೇಲೆ ಇನ್ನೊಂದು ಬದಿ. ಮೂಲೆಯಲ್ಲಿ ಗಟ್ಟಿಯಾದದ್ದನ್ನು ಐಸ್‌ಕ್ರೀಂ ಕಡ್ಡಿಯಿಂದ ಬಿಡಿಸಿ. ಚಾಕು, ಸ್ಕ್ರೂಡ್ರೈವರ್ ಬಳಸಿದರೆ ಟ್ರ್ಯಾಕ್ ಗೀರು ಬೀಳುತ್ತೆ.

2. ಅಯಸ್ಕಾಂತದ ಪರೀಕ್ಷೆ. ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರ್ಯಾಕ್ ಮೇಲೆ ಎಳೆಯಿರಿ. ಕಪ್ಪು ಪುಡಿ ಅಂಟಿಕೊಂಡರೆ ಅದು ಕಬ್ಬಿಣದ ಪುಡಿ. ಕವರನ್ನು ಒಳಮಗ್ಗುಲು ತಿರುಗಿಸಿದರೆ ಪುಡಿ ಕವರಲ್ಲೇ ಉಳಿಯುತ್ತೆ. ಈ ಪುಡಿಗೆ ನೀರು ತಗುಲಿದರೆ ತುಕ್ಕು ಹಿಡಿದು ಟ್ರ್ಯಾಕ್ ಮೇಲೆ ಕಂದು ಕಲೆ ಬೀಳುತ್ತೆ. ‘ಅಲ್ಯೂಮಿನಿಯಂಗೂ ತುಕ್ಕು ಹಿಡೀತು’ ಅಂತ ಜನ ಬೇಸರಪಡುವುದು ಎಷ್ಟೋ ಸಲ ಈ ಕಲೆ ನೋಡಿಯೇ. ಪೀಣ್ಯ ಕಡೆಯ ಮನೆಗಳಲ್ಲಿ ನೀರು ಮುಟ್ಟಿಸುವ ಮುಂಚೆ ಈ ಹಂತ ಬಿಡಬಾರದು.

3. ತೂತು ಬಿಡಿಸೋದು. ಪೊರಕೆ ಕಡ್ಡಿಯನ್ನು ಒಳಗಿನಿಂದ ಹೊರಕ್ಕೆ ನಿಧಾನಕ್ಕೆ ತೂರಿಸಿ ಆಡಿಸಿ. ಕಬ್ಬಿಣದ ತಂತಿ ಬೇಡ. ಸಿರಿಂಜ್‌ನಲ್ಲಿ ನೀರು ತುಂಬಿ ತೂತಿಗೆ ಹಿಡಿದು ಒತ್ತಿದರೆ ಉಳಿದ ಕೆಸರು ಹೊರಬೀಳುತ್ತೆ. ಎರಡು ಮೂರು ಟ್ರ್ಯಾಕ್ ಇರುವ ಕಿಟಕಿಯಲ್ಲಿ ಒಳಗಿನ ಟ್ರ್ಯಾಕ್‌ನಿಂದ ಹೊರಗಿನ ಟ್ರ್ಯಾಕ್‌ಗೂ ದಾರಿ ಇರಬೇಕು. ಅದನ್ನೂ ನೋಡಿ.

4. ತೊಳೆಯೋದಲ್ಲ, ಒರೆಸೋದು. ಸೋಪಿನ ನೀರಲ್ಲಿ ಬ್ರಷ್ ಅದ್ದಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಕೆಸರು ಎತ್ತಿ, ಮತ್ತೆ ಬರೀ ನೀರಿನ ಬಟ್ಟೆಯಲ್ಲಿ ಒರೆಸಿ. ಒಂದು ಕಿಟಕಿಗೆ ಒಂದು ಮಗ್ ಸಾಕು. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ವಾಹನ ತೊಳೆಯೋಕೆ, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿದ್ದು ಯಾರೂ ಮರೆತಿಲ್ಲ. ಪೈಪ್ ಹಿಡಿದು ಕಿಟಕಿ ತೊಳೆಯುವ ಕಾಲ ಇದಲ್ಲ. ತರಕಾರಿ ತೊಳೆದ ನೀರನ್ನು ಸೋಸಿ ಮೊದಲ ಒರೆಸುವಿಕೆಗೆ ಬಳಸಬಹುದು.

5. ಚಕ್ರಕ್ಕೆ ಸಿಕ್ಕ ಕೂದಲು. ಶಟರ್ ಓಡಿಸುವಾಗ ಎಳೆದ ಹಾಗಾದರೆ ಚಕ್ರಕ್ಕೆ ಕೂದಲು, ದಾರ, ಜೇಡರ ಬಲೆ ಸುತ್ತಿಕೊಂಡಿರುತ್ತೆ. ಬದಿಯಿಂದ ಕಾಣುವಷ್ಟನ್ನು ಸಣ್ಣ ಚಿಮುಟದಲ್ಲಿ ಎಳೆದು ತೆಗೆಯಬಹುದು.

6. ಪೂರ್ತಿ ಒಣಗಿಸಿ, ಆಮೇಲೆ ಸ್ಪ್ರೇ. ಒಣ ಬಟ್ಟೆಯಲ್ಲಿ ಒರೆಸಿ ಒಂದು ಗಂಟೆ ಬಿಡಿ. ಸಿಲಿಕಾನ್ ಸ್ಪ್ರೇಯನ್ನು ಬಟ್ಟೆಗೆ ಹಾಕಿ ರೈಲಿನ ಮೇಲೆ ತೆಳ್ಳಗೆ ಸವರಿ. ಶಟರ್ ನಾಲ್ಕೈದು ಸಲ ಓಡಿಸಿ, ಹೆಚ್ಚಾದದ್ದನ್ನು ಒರೆಸಿ. ನೆಲಕ್ಕೆ ಬಿದ್ದರೆ ಟೈಲ್ಸ್ ಜಾರುತ್ತೆ, ಕೆಳಗೆ ಪೇಪರ್ ಹಾಸಿಕೊಳ್ಳಿ.

7. ಅರ್ಧ ಲೋಟದ ಪರೀಕ್ಷೆ. ಕೊನೆಗೆ ಟ್ರ್ಯಾಕ್‌ಗೆ ಅರ್ಧ ಲೋಟ ನೀರು ನಿಧಾನಕ್ಕೆ ಬಿಡಿ. ಒಂದೆರಡು ನಿಮಿಷದಲ್ಲಿ ಬಹುಪಾಲು ನೀರು ಹೊರಗೆ ಹೋದರೆ ಕೆಲಸ ಸರಿಯಾಯ್ತು. ನಿಂತರೆ ತೂತು ಇನ್ನೂ ಮುಚ್ಚಿದೆ, ಇಲ್ಲವೇ ಕಿಟಕಿ ಹಾಕುವಾಗ ತೂತೇ ಕೊರೆದಿಲ್ಲ.

ಇವನ್ನು ಮಾತ್ರ ಹಾಕಬೇಡಿ

ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ, ಗ್ರೀಸ್, ಇಂಜಿನ್ ಆಯಿಲ್: ಹಾಕಿದ ದಿನ ಕಿಟಕಿ ಬೆಣ್ಣೆಯ ಹಾಗೆ ಓಡುತ್ತೆ. ತಿಂಗಳೊಳಗೆ ಧೂಳು ಅಂಟಿ ಕಪ್ಪು ಹಿಟ್ಟಿನ ಹಾಗೆ ಗಟ್ಟಿಯಾಗುತ್ತೆ. ಇಂಜಿನ್ ಆಯಿಲ್, ಸೀಮೆಎಣ್ಣೆ, ಪೆಟ್ರೋಲ್ ತಗುಲಿದರೆ ರಬ್ಬರ್ ಬೀಡಿಂಗ್ ಕೂಡ ಉಬ್ಬಿ ಹಾಳಾಗಬಹುದು.

ಟಾಯ್ಲೆಟ್ ಆ್ಯಸಿಡ್, ಕಾಸ್ಟಿಕ್, ವಾಷಿಂಗ್ ಸೋಡಾ, ಬ್ಲೀಚಿಂಗ್ ಪೌಡರ್: ಅಲ್ಯೂಮಿನಿಯಂಗೆ ಆ್ಯಸಿಡ್ ಎಷ್ಟು ಶತ್ರುವೋ ಕ್ಷಾರವೂ ಅಷ್ಟೇ ಶತ್ರು. ಅನೋಡೈಸ್ ಮಾಡಿದ ಕಿಟಕಿಯ ಮೇಲಿನ ರಕ್ಷಣೆಯ ಪದರ ಸಾಮಾನ್ಯವಾಗಿ 10ರಿಂದ 25 ಮೈಕ್ರಾನ್, ಅಂದರೆ ಒಂದು ಮಿ.ಮೀ.ನ ನೂರನೇ ಒಂದರಿಂದ ನಲವತ್ತನೇ ಒಂದು ಭಾಗ. ಅದು ಒಮ್ಮೆ ಹೋದರೆ ಮನೆಯಲ್ಲಿ ಮತ್ತೆ ಬರಿಸೋಕೆ ಆಗಲ್ಲ. ಇನ್ನು ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಯಾವತ್ತೂ ಒಟ್ಟಿಗೆ ಸೇರಬಾರದು. ಸೇರಿದರೆ ಕ್ಲೋರಿನ್ ಅನಿಲ ಬರುತ್ತೆ, ಉಸಿರಾಟಕ್ಕೇ ಅಪಾಯ.

ಪಾತ್ರೆ ತಿಕ್ಕುವ ಸ್ಟೀಲ್ ನಾರು: ಗೀರು ಬೀಳುತ್ತೆ. ಜೊತೆಗೆ ಅದರ ಸಣ್ಣ ಎಳೆಗಳು ಟ್ರ್ಯಾಕ್‌ನಲ್ಲೇ ಉಳಿದು ತುಕ್ಕು ಹಿಡಿಯುತ್ತವೆ.

ಬೋರ್‌ವೆಲ್ ನೀರಿನ ಬಿಳಿ ಕಲೆಗೆ ಏನು ಮಾಡೋದು? ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಸವರಿ, ಐದು ನಿಮಿಷಕ್ಕೆ ಒರೆಸಿ, ಬರೀ ನೀರಿನ ಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿ. ಕಿಟಕಿ ಕಟ್ಟೆಗೆ ಕಡಪ ಕಲ್ಲು ಅಥವಾ ಮಾರ್ಬಲ್ ಹಾಕಿದ್ದರೆ ಅದರ ಮೇಲೆ ವಿನೆಗರ್, ನಿಂಬೆರಸ ಬೀಳಬಾರದು. ಎರಡೂ ಸುಣ್ಣದ ಅಂಶವಿರುವ ಕಲ್ಲು, ಹೊಳಪು ಹೋಗಿ ಮಚ್ಚೆ ಬೀಳುತ್ತೆ. ಗ್ರಾನೈಟ್‌ಗೆ ಈ ಭಯ ಕಡಿಮೆ.

ಪಾರಿವಾಳದ ಹಿಕ್ಕೆ: ಅಪಾರ್ಟ್‌ಮೆಂಟ್‌ಗಳಲ್ಲಿ ಇದು ದೊಡ್ಡ ತಲೆನೋವು. ಇದನ್ನು ಮಾತ್ರ ಒಣಗಿದ್ದಾಗ ಗುಡಿಸಬಾರದು, ಪುಡಿ ಹಾರಿ ಶ್ವಾಸಕೋಶಕ್ಕೆ ಹೋಗುತ್ತೆ. ನೀರು ಚಿಮುಕಿಸಿ ನೆನೆಸಿ, ಮಾಸ್ಕ್ ಹಾಕಿಕೊಂಡು, ಪೇಪರ್‌ನಲ್ಲಿ ಎತ್ತಿ ಕವರಿಗೆ ಹಾಕಬೇಕು. ಅಸ್ತಮಾ ಇರುವವರು, ವಯಸ್ಸಾದವರು ಈ ಕೆಲಸಕ್ಕೆ ಹೋಗದಿರುವುದು ಒಳ್ಳೇದು.

ಸಿಲಿಕಾನ್ ಹೊಡೆದರೆ ಸರಿಹೋಗುತ್ತಾ?

ಗೋಡೆ ಮತ್ತು ಫ್ರೇಮ್ ಕೂಡುವ ಸಂದಿನಲ್ಲಿ ಬಿರುಕು ಬಿಟ್ಟಿದ್ದರೆ ಅಲ್ಲಿ ಸಿಲಿಕಾನ್ ಬೇಕು. ಆದರೆ ‘ಈ ತೂತಿಂದಲೇ ನೀರು ಬರ್ತಿದೆ’ ಅಂದುಕೊಂಡು ನೀರಿನ ತೂತನ್ನೇ ಮುಚ್ಚಿದರೆ ಕೆಲಸ ಕೆಟ್ಟಿತು. ಬಣ್ಣ ಹೊಡೆಯುವಾಗ ಪಟ್ಟಿ, ಪ್ರೈಮರ್, ಪೇಂಟ್ ತುಂಬಿಯೂ ತೂತು ಮುಚ್ಚಿಹೋಗುತ್ತೆ. ಪೇಂಟರ್ ಕೆಲಸ ಮುಗಿಸಿ ಲೆಕ್ಕ ಚುಕ್ತಾ ಮಾಡುವ ಮುಂಚೆ ಅರ್ಧ ಲೋಟದ ಪರೀಕ್ಷೆ ಮಾಡಿಸಿಕೊಳ್ಳೋದು ಜಾಣತನ.

ನೀರು ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಹಚ್ಚೋಕೆ ಒಂದು ಸರಳ ದಾರಿ ಇದೆ. ಕಿಟಕಿಯ ಒಳಗಡೆ ಸುತ್ತಲೂ ಹಳೇ ನ್ಯೂಸ್‌ಪೇಪರ್ ಪಟ್ಟಿ ಅಂಟಿಸಿ. ಮೊದಲು ಟ್ರ್ಯಾಕ್‌ಗೆ ಮಾತ್ರ ನೀರು ಬಿಡಿ. ಪೇಪರ್ ಒದ್ದೆಯಾದರೆ ದೋಷ ಟ್ರ್ಯಾಕ್‌ನಲ್ಲಿ ಅಥವಾ ಅದರ ಮೂಲೆಯ ಜಾಯಿಂಟ್‌ನಲ್ಲಿ. ಆಗದಿದ್ದರೆ, ನೆಲಮಹಡಿಯಂಥ ಸುರಕ್ಷಿತ ಜಾಗವಾದರೆ ಮಾತ್ರ, ಹೊರಗಿನಿಂದ ಫ್ರೇಮ್ ಮತ್ತು ಗೋಡೆಯ ಸಂದಿಗೆ, ಕೊನೆಗೆ ಗಾಜಿಗೆ ನೀರು ಬಿಟ್ಟು ನೋಡಿ. ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲೇ ಮೇಲಿಂದ ಸುರಿದರೆ ಯಾವುದೂ ತಿಳಿಯೋದಿಲ್ಲ.

ಇನ್ನೊಂದು ಗಮನಿಸಬೇಕಾದ್ದು ಹೊರಗಿನ ಕಿಟಕಿ ಕಟ್ಟೆ. ಅದರ ಇಳಿಜಾರು ಹೊರಕ್ಕೆ ಇರಬೇಕು. ಕಟ್ಟೆ ಮೇಲೆ ಒಂದು ಗೋಲಿ ಇಟ್ಟರೆ ಅದು ಒಳಕ್ಕೆ ಉರುಳಿದರೆ ಟ್ರ್ಯಾಕ್ ಎಷ್ಟೇ ತೊಳೆದರೂ ಪ್ರಯೋಜನ ಕಡಿಮೆ. ಅದು ಮೇಸ್ತ್ರಿಯ ಕೆಲಸ.

ತೂತೇ ಇಲ್ಲದ ಹಳೇ ಅಲ್ಯೂಮಿನಿಯಂ ಕಿಟಕಿಗೆ ಫ್ಯಾಬ್ರಿಕೇಟರ್ ಹತ್ತಿರ ತೂತು ಹಾಕಿಸಬಹುದು. ಯುಪಿವಿಸಿಗೆ ಮಾತ್ರ ಮನೆಯಲ್ಲಿ ಡ್ರಿಲ್ ಹಿಡಿಯಬಾರದು. ಅದರೊಳಗೆ ಬೇರೆ ಬೇರೆ ಕೋಣೆಗಳಿದ್ದು, ಒಂದರಲ್ಲಿ ಸ್ಟೀಲ್ ಪಟ್ಟಿ ಇರುತ್ತೆ. ತಪ್ಪು ಜಾಗದಲ್ಲಿ ಕೊರೆದರೆ ನೀರು ಆ ಸ್ಟೀಲಿಗೆ ಇಳಿದು ಒಳಗೊಳಗೇ ತುಕ್ಕು ಹಿಡಿಯುತ್ತೆ.

ಶಟರ್ ಕಳಚುವ ಮುನ್ನ ಎರಡು ಸಲ ಯೋಚಿಸಿ

ಚಕ್ರ ಸವೆದಿದ್ದರೆ ಶಟರ್ ಕಳಚಲೇಬೇಕು. ಶಟರನ್ನು ಮೇಲಿನ ಚಾನೆಲ್‌ನೊಳಕ್ಕೆ ಎತ್ತಿ, ಕೆಳ ಅಂಚನ್ನು ಮನೆಯ ಒಳಗಡೆಗೆ ಎಳೆದುಕೊಂಡರೆ ಹೊರಬರುತ್ತೆ. ಕೆಲವು ಕಿಟಕಿಗಳಲ್ಲಿ ಮೇಲ್ಗಡೆ ತಡೆ ತುಂಡು ಅಥವಾ ಸ್ಕ್ರೂ ಇರುತ್ತೆ, ಅದನ್ನು ಮೊದಲು ತೆಗೆಯಬೇಕು. ವಾಪಸ್ ಕೂರಿಸಿದ ಮೇಲೆ ಮರೆಯದೆ ಮತ್ತೆ ಹಾಕಬೇಕು. ಬಿರುಗಾಳಿಗೆ ಶಟರ್ ಮೇಲೆದ್ದು ಬೀಳದಂತೆ ತಡೆಯೋದು ಅದೇ.

ತೂಕದ ಅಂದಾಜು ಮೊದಲೇ ಇರಲಿ. 5 ಮಿ.ಮೀ. ದಪ್ಪದ ಗಾಜು ಚದರ ಮೀಟರಿಗೆ ಸುಮಾರು ಹನ್ನೆರಡೂವರೆ ಕಿಲೋ ತೂಗುತ್ತೆ. ಎರಡು ಅಡಿ ಅಗಲ, ನಾಲ್ಕು ಅಡಿ ಎತ್ತರದ ಶಟರ್‌ನಲ್ಲಿ ಗಾಜೇ ಒಂಬತ್ತು ಕಿಲೋ ದಾಟುತ್ತೆ. ಬಾಲ್ಕನಿಯ ಮೂರು ಅಡಿ ಅಗಲ, ಏಳು ಅಡಿ ಎತ್ತರದ ಬಾಗಿಲಿನಲ್ಲಿ ಗಾಜು ಮಾತ್ರವೇ 24 ಕಿಲೋ. ಆದ್ದರಿಂದ:

- ಒಬ್ಬರೇ ಎತ್ತಬೇಡಿ, ಇಬ್ಬರು ಬೇಕು.
- ಹೊರಗೆ ಗ್ರಿಲ್ ಇಲ್ಲದ ಮೇಲಿನ ಮಹಡಿಯ ಕಿಟಕಿಯನ್ನು ಮನೆಯವರು ಕಳಚುವುದೇ ಬೇಡ. ಕೈತಪ್ಪಿದರೆ ಕೆಳಗೆ ಓಡಾಡುವವರ ಜೀವಕ್ಕೇ ಅಪಾಯ.
- ಬಾಲ್ಕನಿ ಬಾಗಿಲನ್ನು ಫ್ಯಾಬ್ರಿಕೇಟರ್‌ಗೇ ಬಿಡಿ.
- ಇಲ್ಲಿನ ಎಷ್ಟೋ ಬೀದಿಗಳಲ್ಲಿ ವಿದ್ಯುತ್ ತಂತಿ ಕಿಟಕಿಗೆ ಹತ್ತಿರದಲ್ಲೇ ಹಾದುಹೋಗಿದೆ. ಅಂಥ ಕಡೆ ಕಬ್ಬಿಣದ ಸರಳು, ಅಲ್ಯೂಮಿನಿಯಂ ಕೋಲಿನ ವೈಪರ್ ಹೊರಗೆ ಚಾಚಬಾರದು, ನೀರು ಎರಚಬಾರದು. ತಂತಿ ಜೋತುಬಿದ್ದಿದ್ದರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಿ.
- ಕಿಟಕಿ ಕಟ್ಟೆ ಮೇಲೆ ಹತ್ತಿ ನಿಲ್ಲುವುದು, ಮನೆಗೆಲಸದವರನ್ನು ಹತ್ತಿಸುವುದು ಎರಡೂ ಬೇಡ.

ಹೊಸ ಬೇರಿಂಗ್ ತರುವಾಗ ಹಳೇದನ್ನೇ ಸ್ಯಾಂಪಲ್ ಆಗಿ ಹಾರ್ಡ್‌ವೇರ್ ಅಂಗಡಿಗೆ ಒಯ್ಯಿರಿ. ನೋಡೋಕೆ ಒಂದೇ ಥರ ಇದ್ದರೂ ಸೆಕ್ಷನ್ ಬದಲಾದರೆ ಬೇರಿಂಗ್ ಅಳತೆಯೂ ಬದಲಾಗುತ್ತೆ. ಒಂದು ಶಟರ್‌ಗೆ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದು ಹೊಸದು ಒಂದು ಹಳೇದು ಆದರೆ ಶಟರ್ ಓರೆಯಾಗಿ ಓಡುತ್ತೆ, ಲಾಕ್ ಕೂರಲ್ಲ. ಬ್ರಷ್ ಪಟ್ಟಿ ಚಪ್ಪಟೆಯಾಗಿದ್ದರೆ ಅದೇ ವೇಳೆ ಬದಲಿಸಿದರೆ ಇನ್ನೊಮ್ಮೆ ಕಳಚುವ ಕೆಲಸ ತಪ್ಪುತ್ತೆ.

ಅಂಗಡಿಯವರಿಗೆ

ಬೇಕರಿ, ಸ್ವೀಟ್ ಅಂಗಡಿ, ಮೆಡಿಕಲ್ ಸ್ಟೋರ್, ಮೊಬೈಲ್ ಅಂಗಡಿಯ ಗಾಜಿನ ಶೋಕೇಸ್‌ಗಳಿಗೂ ಇದೇ ಲೆಕ್ಕ. ಬೇಕರಿಯಲ್ಲಿ ಧೂಳಿಗಿಂತ ಸಕ್ಕರೆ ಪುಡಿ, ಬ್ರೆಡ್ ಚೂರಿನ ಕಾಟ ಹೆಚ್ಚು. ಇರುವೆ, ಜಿರಳೆ ಬರೋದೇ ಟ್ರ್ಯಾಕ್ ಹಾದಿಯಲ್ಲಿ. ರಾತ್ರಿ ಬಾಗಿಲು ಹಾಕುವ ಮುಂಚೆ ಒಣ ಬ್ರಷ್‌ನಿಂದ ಚೂರು ತೆಗೆದು, ವಾರಕ್ಕೊಮ್ಮೆ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ತಿಂಡಿ ಇಡುವ ಶೋಕೇಸ್ ಟ್ರ್ಯಾಕ್‌ಗೆ ಇರುವೆ ಪುಡಿ, ಸ್ಪ್ರೇ ಯಾವುದನ್ನೂ ಹಾಕಬಾರದು. ಶೋಕೇಸ್ ಗಾಜು ಸಿಕ್ಕಿಕೊಂಡಾಗ ಒಂದೇ ತುದಿ ಹಿಡಿದು ಜಗ್ಗಿದರೆ ಮೂಲೆ ಒಡೆಯುತ್ತೆ, ಕೈ ಕುಯ್ಯುತ್ತೆ. ಮೊದಲು ಟ್ರ್ಯಾಕ್ ನೋಡಿ.

ರಸ್ತೆ ಬದಿಯ ಅಂಗಡಿಯ ರೋಲಿಂಗ್ ಶಟರ್ ಬೇರೆಯೇ ವಿಷಯ. ಅದರ ಎರಡು ಬದಿಯ ಗೈಡ್‌ಗಳನ್ನು ಒಣ ಬ್ರಷ್‌ನಿಂದ ಚೊಕ್ಕ ಇಟ್ಟರೆ ಎತ್ತುವ ಶ್ರಮ ಕಡಿಮೆಯಾಗುತ್ತೆ. ಮೇಲಿನ ಸ್ಪ್ರಿಂಗ್ ಬಿಗಿಯಾದ ಒತ್ತಡದಲ್ಲಿರುತ್ತೆ, ಅದಕ್ಕೆ ಗೊತ್ತಿದ್ದವರೇ ಕೈಹಾಕಬೇಕು.

ಆಯುಧ ಪೂಜೆಯಲ್ಲಿ ಕಿಟಕಿ, ಶೋಕೇಸ್‌ಗೂ ಅರಿಶಿನ ಕುಂಕುಮ ಇಟ್ಟು ನಿಂಬೆಹಣ್ಣು ಇಡೋದು ವಾಡಿಕೆ. ಪೂಜೆ ಮುಗಿದ ಮಾರನೇ ದಿನ ಟ್ರ್ಯಾಕ್‌ನಿಂದ ಅವನ್ನು ತೆಗೆದು ಒರೆಸಿ. ನಿಂಬೆರಸ ವಾರಗಟ್ಟಲೆ ಲೋಹದ ಮೇಲೆ ಉಳಿದರೆ ಕಲೆ ಹಾಗೇ ನಿಲ್ಲುತ್ತೆ.

ಬಾಡಿಗೆ ಮನೆ: ಖರ್ಚು ಯಾರದ್ದು?

ನಾಗಸಂದ್ರ, ದಾಸರಹಳ್ಳಿ, ಎಂಟನೇ ಮೈಲಿ ಸುತ್ತ ಪೀಣ್ಯದಲ್ಲಿ ಕೆಲಸ ಮಾಡುವ ಸಾವಿರಾರು ಕುಟುಂಬಗಳು ಬಾಡಿಗೆ ಮನೆಯಲ್ಲಿವೆ. ಮನೆ ಖಾಲಿ ಮಾಡುವಾಗ ಕಿಟಕಿ ಕೆಳಗಿನ ಗೋಡೆ ಉಬ್ಬಿ ಬಣ್ಣ ಎದ್ದಿದ್ದರೆ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳುವ ಮಾತು ಬರುತ್ತೆ. ಮಾಲೀಕರು ‘ನೀವು ನೋಡಿಕೊಳ್ಳಲಿಲ್ಲ’ ಅಂತಾರೆ, ಬಾಡಿಗೆಯವರು ‘ಕಿಟಕಿಯೇ ಸರಿ ಇರಲಿಲ್ಲ’ ಅಂತಾರೆ. ಎರಡು ಕಡೆಯದೂ ಅರ್ಧ ಸತ್ಯ ಇರಬಹುದು.

ಜಗಳ ತಪ್ಪಿಸೋಕೆ ಮನೆ ಸೇರುವ ದಿನವೇ ಅರ್ಧ ಲೋಟದ ಪರೀಕ್ಷೆ ಮಾಡಿ, ಪ್ರತಿ ಕಿಟಕಿಯ ಟ್ರ್ಯಾಕ್ ಮತ್ತು ಕೆಳಗಿನ ಗೋಡೆಯ ಫೋಟೊ ತೆಗೆದು ಮಾಲೀಕರಿಗೆ ವಾಟ್ಸ್ಆ್ಯಪ್ ಮಾಡಿಟ್ಟುಕೊಳ್ಳಬೇಕು. ಧೂಳು ತೆಗೆಯೋದು ವಾಸ ಇರುವವರ ಕೆಲಸ. ತೂತಿಲ್ಲದ ಫ್ರೇಮ್, ಒಳಕ್ಕೆ ಇಳಿಜಾರಾದ ಕಟ್ಟೆ, ಬಿರುಕು ಬಿಟ್ಟ ಗೋಡೆ ಸಂದು ಮಾಲೀಕರ ಹೊಣೆ ಅನ್ನೋದು ನ್ಯಾಯ. ಸವೆದ ಬೇರಿಂಗ್ ಯಾರು ಹಾಕಿಸಬೇಕು ಅಂತ ಕರಾರಿನಲ್ಲೇ ಒಂದು ಸಾಲು ಬರೆದುಕೊಂಡರೆ ಇಬ್ಬರಿಗೂ ನೆಮ್ಮದಿ.

ನಿಂತ ನೀರು, ಸೊಳ್ಳೆ, ಸ್ವಿಚ್ ಬೋರ್ಡ್

2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಡುವವರಿಗೆ ದಂಡದ ನಿಯಮ ತಂದಿತು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೆರೆ ಬೇಕಿಲ್ಲ, ಸ್ವಲ್ಪವೇ ನಿಂತ ನೀರು ಸಾಕು. ಮಳೆಗಾಲದಲ್ಲಿ ನೆರಳಿನ ಬದಿಯ ಟ್ರ್ಯಾಕ್‌ನಲ್ಲಿ ನೀರು ಒಣಗದೇ ಉಳಿದರೆ ವಾರಕ್ಕೊಮ್ಮೆಯಾದರೂ ಬಟ್ಟೆಯಲ್ಲಿ ಎತ್ತಿ ಒಣಗಿಸಬೇಕು. ಟ್ರ್ಯಾಕ್‌ನ ಮಣ್ಣು ಜಾಲರಿಯ ಬ್ರಷ್ ಪಟ್ಟಿಯನ್ನು ಸವೆಸಿದರೆ ಜಾಲರಿ ಇದ್ದೂ ಸೊಳ್ಳೆ ಒಳಬರುತ್ತೆ.

ಕಿಟಕಿ ಕೆಳಗೆ ಅಥವಾ ಪಕ್ಕದಲ್ಲಿ ಸ್ವಿಚ್ ಬೋರ್ಡ್ ಇದ್ದು ಗೋಡೆ ಒದ್ದೆಯಾದರೆ ಬೋರ್ಡ್ ಮುಟ್ಟದೆ, ಒಣಗಿದ ಕೈಯಿಂದ ಮೇನ್ ಸ್ವಿಚ್ ಆರಿಸಿ. ಗೋಡೆ ಪೂರ್ತಿ ಒಣಗಿ, ಎಲೆಕ್ಟ್ರಿಷಿಯನ್ ನೋಡಿದ ಮೇಲೆಯೇ ಆ ಬೋರ್ಡ್ ಬಳಸಬೇಕು.

ಜನ ಕೇಳುವ ಪ್ರಶ್ನೆಗಳು

ಟ್ರ್ಯಾಕ್ ಚೊಕ್ಕ ಇದೆ, ಆದರೂ ಕಿಟಕಿ ಗಟ್ಟಿ. ಯಾಕೆ? ಬೇರಿಂಗ್ ಸವೆದು ಶಟರ್ ಟ್ರ್ಯಾಕ್ ಮೇಲೇ ಉಜ್ಜುತ್ತಿರಬಹುದು. ರೈಲಿನ ಮೇಲೆ ಹೊಳೆಯುವ ಗೀರು, ಬೂದು ಬಣ್ಣದ ಪುಡಿ ಕಂಡರೆ ಇದೇ ಕಾರಣ. ತಡ ಮಾಡಿದರೆ ರೈಲು ಸವೆಯುತ್ತೆ, ಆಗ ಪೂರ್ತಿ ಫ್ರೇಮ್ ಬದಲಿಸಬೇಕಾದೀತು.

ತೂತಿನಿಂದ ಜಿರಳೆ ಬರುತ್ತೆ, ಹತ್ತಿ ತುರುಕಬಹುದಾ? ಬೇಡ. ಹತ್ತಿ ನೀರು ಕುಡಿದು ಅಲ್ಲೇ ಕಟ್ಟಿಕೊಳ್ಳುತ್ತೆ. ಸಣ್ಣ ಕಣ್ಣಿನ ಜಾಲರಿ ತುಂಡು ಅಂಟಿಸಬಹುದು, ಆದರೆ ಅದನ್ನು ತಿಂಗಳಿಗೊಮ್ಮೆ ಬ್ರಷ್ ಮಾಡಬೇಕು.

ಮಳೆ ಸುರಿಯುವಾಗಲೇ ನೀರು ಒಳಬಂದರೆ? ಟ್ರ್ಯಾಕ್‌ನಲ್ಲಿ ಹಳೇ ಟವೆಲ್ ಸುತ್ತಿಟ್ಟು ಹೀರಿಸಿ ಹಿಂಡುತ್ತಿರಿ. ಒಳಗಿನಿಂದ ಕೈಗೆ ಎಟುಕಿದರೆ ಪೊರಕೆ ಕಡ್ಡಿಯಿಂದ ತೂತು ಬಿಡಿಸಿ. ಕಿಟಕಿಯಿಂದ ಹೊರಗೆ ಬಗ್ಗಬೇಡಿ.

ಮನೆ ಪಕ್ಕ ಕಟ್ಟಡ ಕೆಲಸ ನಡೀತಿದೆ. ಏನು ಮಾಡಬೇಕು? ಸಿಮೆಂಟ್, ಸುಣ್ಣ ಒದ್ದೆಯಾಗಿ ಅಲ್ಯೂಮಿನಿಯಂ ಮೇಲೆ ಉಳಿದರೆ ಕಲೆ ಬೀಳುತ್ತೆ. ಆ ಬದಿಯ ಟ್ರ್ಯಾಕನ್ನು ವಾರಕ್ಕೊಮ್ಮೆ ಒಣ ಬ್ರಷ್ ಮಾಡಿ. ಗಾರೆ ಸಿಡಿದರೆ ಒಣಗುವ ಮುಂಚೆಯೇ ಒದ್ದೆ ಬಟ್ಟೆಯಲ್ಲಿ ಒರೆಸಿ.

ವರ್ಷದ ಪಟ್ಟಿ

- ಪ್ರತಿ ತಿಂಗಳು: ತುಮಕೂರು ರಸ್ತೆ, ಹೆಸರಘಟ್ಟ ರಸ್ತೆ ಬದಿಯ ಕಿಟಕಿಗಳಿಗೆ ಒಣ ಬ್ರಷ್. ಒಳಬೀದಿಯ ಮನೆಗಳಿಗೆ ಎರಡು ಮೂರು ತಿಂಗಳಿಗೊಮ್ಮೆ ಸಾಕು.
- ಯುಗಾದಿಗೆ ಮುಂಚೆ: ಹಬ್ಬಕ್ಕೆ ಹೇಗಿದ್ದರೂ ಮನೆ ಸುಣ್ಣಬಣ್ಣ, ಸಾರಣೆ ಆಗುತ್ತೆ. ಅದರ ಜೊತೆ ಏಳೂ ಹಂತ ಮುಗಿಸಿ. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಕಿಟಕಿ ಸಿದ್ಧವಾಗಿರುತ್ತೆ.
- ಜೂನ್‌ನಿಂದ ಆಗಸ್ಟ್: ತಿಂಗಳಿಗೊಮ್ಮೆ ಅರ್ಧ ಲೋಟದ ಪರೀಕ್ಷೆ.
- ಆಯುಧ ಪೂಜೆ ಹೊತ್ತಿಗೆ: ಎರಡನೇ ಪೂರ್ತಿ ಸ್ವಚ್ಛತೆ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ಜೋರು, ಹಿಂಗಾರು ಇನ್ನೂ ಮುಂದಿರುತ್ತೆ.
- ದೀಪಾವಳಿ ಮಾರನೇ ದಿನ: ಪಟಾಕಿ ಬೂದಿಯನ್ನು ಒಣಗಿರುವಾಗಲೇ ತೆಗೆಯಿರಿ.
- ಎರಡು ಮೂರು ವರ್ಷಕ್ಕೊಮ್ಮೆ: ಬೇರಿಂಗ್, ಬ್ರಷ್ ಪಟ್ಟಿ, ಗೋಡೆ ಸಂದಿನ ಸಿಲಿಕಾನ್ ಫ್ಯಾಬ್ರಿಕೇಟರ್‌ಗೆ ತೋರಿಸಿ.

ಮಳೆ ಬಂದ ಮೇಲೆ ತೂತು ಹುಡುಕುವುದು ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಇವತ್ತು ಕತ್ತಲಾಗುವ ಮುಂಚೆ ಮನೆಯ ಒಂದು ಕಿಟಕಿಗೆ ಅರ್ಧ ಲೋಟ ನೀರು ಬಿಟ್ಟು ನೋಡಿದರೆ, ಮುಂದಿನ ಮಳೆಗೆ ಆ ಕಿಟಕಿ ಏನು ಮಾಡುತ್ತೆ ಅಂತ ಈಗಲೇ ತಿಳಿಯುತ್ತೆ.